ಬೇಗೂರು ದಾಟಿದರೆ ಹಿಡಿಯುತ್ತಿದ್ದ ಪಾದ: ಒಂದು ಪ್ರಕರಣ ಅಧ್ಯಯನ

ದೂರ ಸೈಕಲ್ ತುಳಿದರೆ ಪಾದಕ್ಕೆ ಸೆಳೆತ ಬರುತ್ತಿದ್ದ ಈ ಪ್ರಕರಣದ ಸವಾರರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಮೈಸೂರು ಕಡೆಯವರು, ವಯಸ್ಸು ನಲವತ್ತರ ಕೊನೆ, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ಗುರುತು ಕೊಡುವುದಿಲ್ಲ. ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದಾಗ, "ಬರೀರಿ ಮೇಡಂ, ನನ್ನ ಹಾಗೆ ಇನ್ನೊಬ್ಬರು ಎರಡು ವರ್ಷ ಒದ್ದಾಡೋದು ಬೇಡ" ಅಂದರು.

ನಾನು ಫಿಸಿಯೋಥೆರಪಿಸ್ಟ್. ಭಾನುವಾರಗಳಲ್ಲಿ ಸೈಕಲ್ ತುಳಿಯುತ್ತೇನೆ. ಮೇಷ್ಟ್ರನ್ನು ಮೊದಲು ನೋಡಿದ್ದು ನನ್ನ ಕ್ಲಿನಿಕ್ಕಿನಲ್ಲಿ ಅಲ್ಲ, ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ. ಬೇಗೂರು ದಾಟಿ ಸ್ವಲ್ಪ ದೂರ, ಒಂದು ಹುಣಸೆಮರದ ಕೆಳಗೆ ಬಲಗಾಲಿನ ಶೂ ಕಳಚಿ ಕೂತಿದ್ದರು. ಎರಡೂ ಕೈಯಲ್ಲಿ ಪಾದ ಹಿಡಿದಿದ್ದರು. ಹತ್ತಿರ ಹೋಗಿ ನೋಡಿದರೆ ಎರಡನೇ ಬೆರಳು, ಮೂರನೇ ಬೆರಳು ಕೆಳಕ್ಕೆ ಮಡಚಿಕೊಂಡಿದ್ದವು. ಹೆಬ್ಬೆರಳು ಅವುಗಳಿಂದ ದೂರ ಸರಿದು ನಿಂತಿತ್ತು. ಅಂಗಾಲಿನ ಮಧ್ಯೆ ಒಂದು ಗಂಟು ಕಣ್ಣಿಗೇ ಕಾಣುತ್ತಿತ್ತು. ಡಿಸೆಂಬರಿನ ಬೆಳಗ್ಗೆ, ಚಳಿ. ಮೇಷ್ಟ್ರ ಹಣೆಯಲ್ಲಿ ಮಾತ್ರ ನೋವಿಗೆ ಬೆವರು.

"ಉಪ್ಪು ಕಮ್ಮಿಯಾಗಿದೆ ಅನ್ಸುತ್ತೆ ಮೇಡಂ" ಅಂದರು. ಆ ಮಾತಿನಿಂದಲೇ ಶುರು ಮಾಡಬೇಕು. ಎರಡು ವರ್ಷ ಅವರು ಹೋರಾಡಿದ್ದು ಆ ಉಪ್ಪಿನ ಜೊತೆಗೇ.

ಹಿನ್ನೆಲೆ

ಮೇಷ್ಟ್ರು ಮೊದಲು ತುಳಿಯುತ್ತಿದ್ದದ್ದು ಒಂದು ಸಾದಾ ಗೇರ್ ಸೈಕಲ್. ಶಾಲೆಗೆ ಹೋಗಿ ಬರುವುದು, ದಿನಕ್ಕೆ ಸುಮಾರು 14 ಕಿಲೋಮೀಟರ್. ಕಾಲಿಗೆ ಚಪ್ಪಲಿ. ಆಗಾಗ ಶ್ರೀರಂಗಪಟ್ಟಣ, ಒಂದೆರಡು ಸಲ ನಂಜನಗೂಡು. ಪಾದ ಹಿಡಿದುಕೊಂಡದ್ದು ಅಂತ ಒಂದು ದಿನವೂ ಇಲ್ಲ.

ಆಮೇಲೆ ಪರಿಚಯದವರೊಬ್ಬರ ರೋಡ್ ಬೈಕ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಅದರಲ್ಲಿ ಕ್ಲೀಟ್ ಪೆಡಲ್ ಇತ್ತು, ಅಂದರೆ ಶೂ ಅಡಿಯಲ್ಲಿ ಒಂದು ಕೊಕ್ಕೆ ಇದ್ದು ಪೆಡಲಿಗೆ ಕಚ್ಚಿಕೊಳ್ಳುವಂಥದ್ದು. ಅದಕ್ಕೆ ತಕ್ಕ ಶೂವನ್ನು ಆನ್‌ಲೈನಿನಲ್ಲಿ ತರಿಸಿದರು. ಮನೆಯಲ್ಲಿ ಬೆಳಗ್ಗೆ ಸ್ಕೇಲ್ ಇಟ್ಟು ಎಡಪಾದ ಅಳೆದು, ಪಟ್ಟಿ ನೋಡಿ 42 ನಂಬರ್ ಆರ್ಡರ್ ಮಾಡಿದ್ದರು. ಬೆಳಗ್ಗೆ, ಎಡಪಾದ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಅವರಿಗೊಂದು ಆಸೆ ಇತ್ತು. 200 ಕಿಲೋಮೀಟರ್ ಬ್ರೆವೆ ಮುಗಿಸಬೇಕು ಅಂತ. ಪ್ಯಾರಿಸ್ಸಿನ ಒಂದು ಹಳೇ ಸೈಕಲ್ ಸಂಘದ ನಿಯಮದಂತೆ ಪ್ರಪಂಚದ ಬೇರೆ ಬೇರೆ ಕಡೆ, ನಮ್ಮ ದೇಶದಲ್ಲೂ, ನಡೆಯುವ ಸವಾರಿ ಅದು. ಓಟದ ಸ್ಪರ್ಧೆ ಅಲ್ಲ, ಮೊದಲು ಬಂದವರಿಗೆ ಬಹುಮಾನ ಇಲ್ಲ. ಆದರೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಊಟ, ಟೀ, ಪಂಕ್ಚರ್ ಎಲ್ಲ ಆ ಸಮಯದಲ್ಲೇ. ಗಂಟೆಗೆ 15 ಕಿಲೋಮೀಟರಿನಷ್ಟು ಬಿದ್ದರೆ ಸಾಕು. ಉಸಿರು, ತೊಡೆ, ಮನಸ್ಸು ಎಲ್ಲವೂ ಮೇಷ್ಟ್ರಿಗೆ ಸಾಕಷ್ಟು ಇತ್ತು. ಮೊದಲ ಪ್ರಯತ್ನದಲ್ಲಿ ಅವರು 130ರ ಹತ್ತಿರ ಬಿಟ್ಟುಕೊಟ್ಟರು. ಸುಸ್ತಾಗಿ ಅಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿದು ಶೂ ಬಿಚ್ಚಿ ಸಮಯ ಕಳೆದುಹೋಗಿತ್ತು.

ಸಮಸ್ಯೆಯ ಚಹರೆ

ಕಾಲು ಹಿಡ್ಕೊಳ್ತು ಅನ್ನುವ ಒಂದೇ ಮಾತಿನಲ್ಲಿ ನಾವು ಹತ್ತು ಬೇರೆ ಬೇರೆ ಸಂಗತಿ ಹೇಳುತ್ತೇವೆ. ಜೋಮು ಹಿಡಿಯುವುದು ಬೇರೆ, ಅಂಗಾಲು ಉರಿಯುವುದು ಬೇರೆ, ಸೆಳೆತ ಬೇರೆ. ಜೋಮು ಮತ್ತು ಉರಿ ಸಾಮಾನ್ಯವಾಗಿ ಬೆರಳುಗಳ ಬುಡದಲ್ಲಿ ನರ ಒತ್ತಿದಾಗ ಬರುತ್ತವೆ. ಸೆಳೆತದಲ್ಲಿ ಸ್ನಾಯು ತಾನಾಗಿ ಬಿಗಿದುಕೊಂಡು ಬಿಡಲು ಒಪ್ಪುವುದಿಲ್ಲ. ಬೆರಳು ಮಡಚುತ್ತದೆ, ಗಂಟು ಕಾಣುತ್ತದೆ. ಮೇಷ್ಟ್ರದ್ದು ನಿಜವಾದ ಸೆಳೆತ.

ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದೆ. ಮೇಷ್ಟ್ರಲ್ವಾ, ಕೆಂಪು ಪೆನ್ನಲ್ಲಿ ಗೆರೆ ಎಳೆದು ಅಂದವಾಗಿ ಬರೆದು ತಂದರು. ಅದರಲ್ಲಿ ಕಂಡದ್ದು ಇಷ್ಟು. ಸೆಳೆತ ಶುರುವಾಗುವುದು 45ರಿಂದ 50 ಕಿಲೋಮೀಟರಿನ ನಡುವೆ. ಬಲಪಾದ ಮೊದಲು, ಎಡಪಾದ ಆಮೇಲೆ. ಏರು ಇದ್ದ ದಿನ ಬೇಗ. ಚಾಮುಂಡಿ ಬೆಟ್ಟ ಹತ್ತಿದ ದಿನವಂತೂ ನಂದಿ ವಿಗ್ರಹ ಕಾಣುವ ಮೊದಲೇ. ಶೂ ಕಳಚಿದರೆ ಐದು ನಿಮಿಷದಲ್ಲಿ ಬಿಡುತ್ತದೆ. ಮತ್ತೆ ಹಾಕಿಕೊಂಡರೆ ಹತ್ತು ಕಿಲೋಮೀಟರಿನಲ್ಲಿ ವಾಪಸ್. ರಾತ್ರಿ ಮಲಗಿದಾಗ ಬರುವುದಿಲ್ಲ. ನಡೆಯುವಾಗ ಬರುವುದಿಲ್ಲ.

ಕೊನೆಯ ಎರಡು ಸಾಲು ನನಗೆ ತುಂಬ ಮುಖ್ಯವಾಗಿದ್ದವು. ಆದರೂ ಮೊದಲು ಅವರ ಡಾಕ್ಟರ ಹತ್ತಿರ ಕಳಿಸಿದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಾಲಿನ ರಕ್ತನಾಳದ ತೊಂದರೆ, ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಇವೆಲ್ಲ ಸೆಳೆತಕ್ಕೆ ದಾರಿ ಮಾಡಬಹುದು. ಮೇಷ್ಟ್ರು ಬಿಪಿಗೆ ಮಾತ್ರೆ ತಗೊಳ್ಳುತ್ತಿದ್ದರು, ಆದರೆ ಆ ಬಗೆಯದ್ದಲ್ಲ. ರಕ್ತಪರೀಕ್ಷೆ ಸರಿಯಾಗಿತ್ತು. ಪಾದದ ನಾಡಿ ಚೆನ್ನಾಗಿ ಸಿಗುತ್ತಿತ್ತು. ಈ ಹೆಜ್ಜೆಯನ್ನು ದಯವಿಟ್ಟು ಯಾರೂ ಬಿಡಬೇಡಿ. ರಾತ್ರಿಯೂ ಸೆಳೆತ ಬರುವವರು, ನಡೆದಾಗ ಮೀನಖಂಡ ನೋಯುವವರು, ಪಾದದಲ್ಲಿ ಸ್ಪರ್ಶ ತಿಳಿಯದವರು ಸೈಕಲ್ಲಿನ ಸೀಟು ತಿದ್ದುವ ಮೊದಲು ಡಾಕ್ಟರನ್ನು ನೋಡಬೇಕು.

ಉಪ್ಪಿನ ಎರಡು ವರ್ಷ

ನನ್ನ ಹತ್ತಿರ ಬರುವ ಮೊದಲು ಮೇಷ್ಟ್ರು ಏನೆಲ್ಲ ಮಾಡಿದ್ದರು ಅಂತ ಕೇಳಿದರೆ ಬೇಸರವಾಗುತ್ತದೆ. ಅಷ್ಟು ಶ್ರದ್ಧೆಯಿಂದ ಮಾಡಿದ್ದರು. ಬಾಳೆಹಣ್ಣು, ಎಳನೀರು, ಓಆರ್‌ಎಸ್. ಸ್ನೇಹಿತರೊಬ್ಬರು ಹೇಳಿದರು ಅಂತ ಎರಡು ತಿಂಗಳು ಮೆಗ್ನೀಸಿಯಮ್ ಮಾತ್ರೆ. ಮನೆಯವರು ರಾತ್ರಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಳಿಬಿಡಲು ಕೊಡುತ್ತಿದ್ದರು, ಎಣ್ಣೆ ತಿಕ್ಕುತ್ತಿದ್ದರು. ಅದರಿಂದ ಹಾಯೆನಿಸುತ್ತಿತ್ತು. ಆದರೆ ಮುಂದಿನ ಭಾನುವಾರ ಬೇಗೂರಿನ ಹತ್ತಿರ ಅದೇ ಕಥೆ.

ಸೆಳೆತಕ್ಕೆ ಬೆವರಿನಲ್ಲಿ ಹೋದ ಉಪ್ಪು ಕಾರಣ ಅನ್ನುವುದು ತುಂಬ ಹಳೆಯ ವಿವರಣೆ. ಬಿಸಿಲಲ್ಲಿ ಗಂಟೆಗಟ್ಟಲೆ ಬೆವರು ಸುರಿಸಿ ದುಡಿಯುವವರಿಗೆ ಮೈಯೆಲ್ಲ ಸೆಳೆತ ಬರುವುದುಂಟು, ಅಲ್ಲಿ ಉಪ್ಪಿಗೆ ಪಾತ್ರ ಇದ್ದೀತು. ಆದರೆ ಉಪ್ಪು ಕಮ್ಮಿಯಾದರೆ ಇಡೀ ಮೈಯ ರಕ್ತದಲ್ಲಿ ಕಮ್ಮಿಯಾಗಬೇಕು. ಪಾದಕ್ಕೆ ಮಾತ್ರ, ಅದರಲ್ಲೂ ಬಲಪಾದಕ್ಕೇ ಮೊದಲು ಯಾಕೆ ಹಿಡಿಯಬೇಕು? ಶೂ ಕಳಚಿದ ಐದು ನಿಮಿಷದಲ್ಲಿ ಆ ಉಪ್ಪು ಎಲ್ಲಿಂದ ವಾಪಸ್ ಬರುತ್ತದೆ?

1997ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು ಬೇರೆ ವಿವರಣೆ ಮುಂದಿಟ್ಟರು. ಸ್ನಾಯುವಿಗೆ "ಬಿಗಿ" ಅಂತ ಹೇಳುವ ಸಂಕೇತವೂ ಇದೆ, "ಸಾಕು, ಬಿಡು" ಅಂತ ಹೇಳುವ ಸಂಕೇತವೂ ಇದೆ. ಸ್ನಾಯು ಸುಸ್ತಾದಾಗ ಮೊದಲನೆಯದು ಜಾಸ್ತಿಯಾಗಿ ಎರಡನೆಯದು ಕಮ್ಮಿಯಾಗುತ್ತದೆ. ಅದರಲ್ಲೂ ಮೊದಲೇ ಮುದುಡಿಕೊಂಡ ಸ್ಥಿತಿಯಲ್ಲಿ ದುಡಿಯುವ ಸ್ನಾಯುವಿಗೆ ಸೆಳೆತ ಬೇಗ. ಎಲ್ಲ ಸೆಳೆತಕ್ಕೂ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮೇಷ್ಟ್ರ ನೋಟ್‌ಬುಕ್ ಓದಿದಾಗ ಈ ವಿವರಣೆಗೇ ಅದು ಹೊಂದುತ್ತಿತ್ತು.

ಅವರಿಗೆ ಮಾತ್ರ ನಂಬಿಕೆ ಬರಲಿಲ್ಲ. ಎರಡು ವರ್ಷದ ನಂಬಿಕೆಯನ್ನು ಒಂದು ಮಾತಿನಲ್ಲಿ ಬಿಡಿಸಲು ಹೋಗಬಾರದು. ಅದಕ್ಕೆ ತೂಕದ ಯಂತ್ರ ಹಿಡಿದೆವು. 60 ಕಿಲೋಮೀಟರ್ ಸವಾರಿಗೆ ಮುಂಚೆ 72.4 ಕಿಲೋ, ಆದ ಮೇಲೆ 71.5. ನೂರಕ್ಕೆ ಒಂದಕ್ಕಿಂತ ಚೂರು ಜಾಸ್ತಿ. ಅಂಥ ದೊಡ್ಡ ನಷ್ಟ ಅಲ್ಲ. ಆ ದಿನವೂ 47ನೇ ಕಿಲೋಮೀಟರಿನಲ್ಲಿ ಪಾದ ಹಿಡಿದಿತ್ತು. ಮೇಷ್ಟ್ರು ಅಂಕಿ ನೋಡಿ ಸುಮ್ಮನಾದರು. ಮೆಗ್ನೀಸಿಯಮ್ ಡಬ್ಬಿ ಅವತ್ತೇ ಬೀರು ಸೇರಿತು.

ಎಲ್ಲಿ ಬರುವುದಿಲ್ಲ?

ನೋವು ಎಲ್ಲಿ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿ ಬರುವುದಿಲ್ಲ ಅಂತ ಕೇಳುವುದು ಕಮ್ಮಿ. ಮೇಷ್ಟ್ರಿಗೆ ಹಳೇ ಸೈಕಲ್ಲಿನಲ್ಲಿ ಬರುತ್ತಿರಲಿಲ್ಲ. ಆದರೆ ಹಳೇ ಸೈಕಲ್ಲಿನಲ್ಲಿ ಅಷ್ಟು ದೂರ ಹೋಗಿರಲೂ ಇಲ್ಲ. ಹಾಗಾಗಿ ಅದು ಪುರಾವೆ ಆಗುವುದಿಲ್ಲ.

ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಮಾಡೋಣ ಅಂದೆ. ಅದೇ ರೋಡ್ ಬೈಕ್, ಅದೇ ಬೇಗೂರು ರಸ್ತೆ, ಅದೇ ಬೆಳಗ್ಗೆಯ ಹೊತ್ತು. ಕ್ಲೀಟ್ ಪೆಡಲ್ ಬಿಚ್ಚಿ ಹಳೇ ಸೈಕಲ್ಲಿನ ಚಪ್ಪಟೆ ಪೆಡಲ್ ಹಾಕುವುದು. ಕಾಲಿಗೆ ಅವರು ಶಾಲೆಯ ಕ್ರೀಡಾದಿನಕ್ಕೆ ಹಾಕುವ ಅಗಲವಾದ ಕ್ಯಾನ್ವಾಸ್ ಶೂ. ಓಆರ್‌ಎಸ್ ಬೇಡ, ಬರೀ ನೀರು ಮತ್ತು ಎರಡು ಇಡ್ಲಿ. ಬೇಗೂರಿಗೆ ಹೋಗಿ ವಾಪಸ್ ಬಂದರು, 85 ಕಿಲೋಮೀಟರಿನ ಹತ್ತಿರ. ಮಧ್ಯಾಹ್ನ ಫೋನ್ ಮಾಡಿದರು. "ಮೇಡಂ, ಏನೂ ಆಗ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಒಂದ್ಸಲಾನೂ ಇಳೀಲಿಲ್ಲ" ಅಂದರು. ಧ್ವನಿ ಗದ್ಗದವಾಗಿತ್ತು.

ಈ ಪ್ರಕರಣದ ದಿಕ್ಕು ತಿರುಗಿದ್ದು ಅಲ್ಲೇ. ಅವರ ಮೈಯಲ್ಲಿ ದೋಷ ಇಲ್ಲ ಅಂತ ಅವರಿಗೇ ಗೊತ್ತಾಯಿತು. ಶೂ, ಕ್ಲೀಟ್, ಪಾದ ಇಡುವ ರೀತಿ, ಇವುಗಳ ನಡುವೆ ಎಲ್ಲೋ ತೊಡಕು ಇದೆ.

ಮರುದಿನ ಶೂ ತರಲು ಹೇಳಿದೆ. ಒಳಗಿದ್ದ ಇನ್‌ಸೋಲ್, ಅಂದರೆ ಪಾದದ ಕೆಳಗಿನ ತೆಳು ಮೆತ್ತೆ, ಎಳೆದು ತೆಗೆದು ಬೆಳಕಿಗೆ ಹಿಡಿದೆ. ಇಷ್ಟು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಸಾಕ್ಷಿ ನಾನು ನೋಡಿರಲಿಲ್ಲ. ಹಿಮ್ಮಡಿಯ ಗುರುತು ತೆಳು. ಬೆರಳ ತುದಿಗಳ ಜಾಗದಲ್ಲಿ ಐದು ಗುಳಿ. ಬಲಗಡೆಯದ್ದರಲ್ಲಿ ಹೆಬ್ಬೆರಳ ಗುಳಿ ಎಷ್ಟು ಆಳ ಇತ್ತು ಅಂದರೆ ಬಟ್ಟೆ ಸವೆದು ಒಳಗಿನ ಸ್ಪಂಜ್ ಕಾಣುತ್ತಿತ್ತು. ಗಂಟೆಗಟ್ಟಲೆ ಅವರ ಬೆರಳುಗಳು ಶೂವನ್ನು ಉಗುರಿಟ್ಟು ಹಿಡಿದುಕೊಂಡಿದ್ದವು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಪೆಡಲ್ ತುಳಿಯುವ ಕೆಲಸ ಪೃಷ್ಠದ್ದು, ತೊಡೆಯದ್ದು, ಸ್ವಲ್ಪ ಮೀನಖಂಡದ್ದು. ಬೆರಳು ಮಡಚುವ ಅಂಗಾಲಿನ ಸಣ್ಣ ಸ್ನಾಯುಗಳಿಗೆ ಅಲ್ಲಿ ದೊಡ್ಡ ಕೆಲಸ ಇಲ್ಲ. ಇಲ್ಲಿ ಅವು ಪ್ರತಿ ತುಳಿತಕ್ಕೂ ಬಿಗಿಯುತ್ತಿದ್ದವು. ನಿಮಿಷಕ್ಕೆ 60 ಸುತ್ತು ಅಂದುಕೊಂಡರೂ ಗಂಟೆಗೆ 3,600 ಸಲ. ಎರಡು ಗಂಟೆ ತಡೆದವು. ಬೇಗೂರಿನ ಹತ್ತಿರ ಕೈಬಿಟ್ಟವು.

ಮೊದಲ ತಿದ್ದುಪಡಿ, ನನ್ನ ತಪ್ಪು

ಯಾಕೆ ಹಿಡಿಯುತ್ತಿವೆ ಅನ್ನುವುದು ಮುಂದಿನ ಪ್ರಶ್ನೆ. ಮೊದಲು ಕ್ಲೀಟ್ ನೋಡಿದೆ. ಹೆಬ್ಬೆರಳ ಬುಡದ ಉಬ್ಬು ಮತ್ತು ಕಿರುಬೆರಳ ಬುಡದ ಉಬ್ಬು, ಎರಡನ್ನೂ ಶೂ ಮೇಲಿಂದ ಮುಟ್ಟಿ ನೋಡಿ, ನನ್ನ ಬ್ಯಾಗಿನಲ್ಲಿದ್ದ ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಪೆಡಲಿನ ಅಚ್ಚು ಆ ಎರಡು ಬಿಂದಿಗಳ ನಡುವೆ ಎಲ್ಲಾದರೂ ಬಂದರೆ ಹೆಚ್ಚಿನವರಿಗೆ ಸರಿ. ಮೇಷ್ಟ್ರ ಕ್ಲೀಟ್ ಹೆಬ್ಬೆರಳ ಬಿಂದಿಗಿಂತಲೂ ಮುಂದಿತ್ತು, ಬೆರಳುಗಳ ಅಡಿಯಲ್ಲೇ. ಅಂದರೆ ಅವರು ಬೆರಳಿನ ಮೇಲೆ ನಿಂತು ತುಳಿಯುತ್ತಿದ್ದರು. ಹಿಮ್ಮಡಿ ಕುಸಿಯದ ಹಾಗೆ ಮೀನಖಂಡ ಮತ್ತು ಬೆರಳುಗಳೇ ತಡೆದು ಹಿಡಿಯಬೇಕಿತ್ತು.

ಕ್ಲೀಟನ್ನು 8 ಮಿಲಿಮೀಟರ್ ಹಿಂದಕ್ಕೆ ತಂದೆವು. ಮುಂದಿನ ಭಾನುವಾರ ಸೆಳೆತ 65ನೇ ಕಿಲೋಮೀಟರಿಗೆ ಬಂತು. ಹದಿನೈದು ಇಪ್ಪತ್ತು ಕಿಲೋಮೀಟರ್ ಗಳಿಕೆ. ಖುಷಿಯಾಯಿತು. ಆದರೆ ಬಂದಾಗ ಮೊದಲಿಗಿಂತ ಜೋರಾಗಿ ಬಂತು, ಮೀನಖಂಡವೂ ಸೇರಿ ಹಿಡಿಯಿತು.

ಇದು ನನ್ನ ತಪ್ಪು. ಕ್ಲೀಟ್ ಹಿಂದಕ್ಕೆ ಸರಿದರೆ ಪಾದ ಪೆಡಲಿನ ಮೇಲೆ ಮುಂದಕ್ಕೆ ಹೋಗುತ್ತದೆ. ಆಗ ಕಾಲಿನ ಅಳವು ಚೂರು ಗಿಡ್ಡವಾದ ಹಾಗೆ. ಸೀಟನ್ನೂ ಒಂದೆರಡು ಮಿಲಿಮೀಟರ್ ಇಳಿಸಬೇಕಿತ್ತು. ನಾನು ಇಳಿಸಲಿಲ್ಲ. ಅವರ ಸೀಟು ಮೊದಲೇ ಎತ್ತರ ಇತ್ತು ಅನ್ನುವುದನ್ನೂ ನಾನು ಅಳೆದಿರಲಿಲ್ಲ. ಇನ್‌ಸೋಲಿನ ಗುಳಿ ಕಂಡ ಸಂತೋಷದಲ್ಲಿ ಉತ್ತರ ಪೂರ್ತಿ ಸಿಕ್ಕಿತು ಅಂದುಕೊಂಡಿದ್ದೆ. ಒಂದು ವಾರ ಮೇಷ್ಟ್ರು ಮೀನಖಂಡ ನೋವಿನಲ್ಲಿ ತರಗತಿಯಲ್ಲಿ ನಿಂತರು. ಅವರ ಕ್ಷಮೆ ಕೇಳಿದೆ.

ಆಮೇಲೆ ಮಾಡಬೇಕಾದದ್ದನ್ನು ಮಾಡಿದೆವು. ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೈನರ್ ಸ್ಟ್ಯಾಂಡಿಗೆ ಹಾಕಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ. ಪೆಡಲ್ ಕೆಳಗೆ ಬಂದಾಗಲೆಲ್ಲ ಹಿಮ್ಮಡಿ ಮೇಲೇಳುತ್ತಿತ್ತು, ಬೆರಳು ನೆಲ ಹುಡುಕುತ್ತಿತ್ತು. ಅಟ್ಟದ ಮೇಲಿನ ಡಬ್ಬಿಗೆ ಕೈಚಾಚುವಾಗ ನಾವು ತುದಿಗಾಲಲ್ಲಿ ನಿಲ್ಲುತ್ತೇವಲ್ಲ, ಹಾಗೆ. ಹಿಮ್ಮಡಿ ಎದ್ದು, ಶೂ ಒಳಗೆ ಬೆರಳೂ ಮಡಚಿದಾಗ ಮೀನಖಂಡ ಮತ್ತು ಬೆರಳು ಮಡಚುವ ಸ್ನಾಯುಗಳು ಮೊದಲೇ ಮುದುಡಿರುತ್ತವೆ. ಆ ಸ್ಥಿತಿಯಲ್ಲಿ ದುಡಿಸಿದರೆ ಸೆಳೆತಕ್ಕೆ ನಾವೇ ಬಾಗಿಲು ತೆಗೆದ ಹಾಗೆ.

ಅಳತೆ ಹೀಗಿತ್ತು. ಒಳಗಾಲಿನ ಉದ್ದ 81 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ 71.5. ಅಮೆರಿಕದ ಸೈಕಲ್ ಸ್ಪರ್ಧಿ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಈ ಲೆಕ್ಕ ಕ್ರ್ಯಾಂಕ್, ಅಂದರೆ ಪೆಡಲ್ ಕೂತಿರುವ ತೋಳು, ಸುತ್ತುವ ನಡುಬಿಂದುವಿನಿಂದ ಸೀಟಿನ ಮೇಲಿನವರೆಗಿನ ಎತ್ತರ ಹೇಳುತ್ತದೆ. ಮೇಷ್ಟ್ರ ಸೀಟು 73.5ರಲ್ಲಿತ್ತು. ಸೂತ್ರ ಬರೀ ಶುರುವಿಗೆ, ಅದೇ ಕೊನೆಯ ಮಾತಲ್ಲ. ಕಾಲು ಕೆಳಗೆ ಬಂದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು ಅನ್ನುವುದನ್ನು ನಾನು ಜಾಸ್ತಿ ನಂಬುತ್ತೇನೆ. ಅವರದ್ದು 22 ಇತ್ತು. ಒಂದೇ ಸಲ ಇಳಿಸಲಿಲ್ಲ. ವಾರಕ್ಕೆ ಹೆಚ್ಚೆಂದರೆ 5 ಮಿಲಿಮೀಟರಿನ ಹಾಗೆ ಮೂರು ವಾರದಲ್ಲಿ 14 ಮಿಲಿಮೀಟರ್. ಮಂಡಿ 29ಕ್ಕೆ ಬಂತು. ಹಿಮ್ಮಡಿ ನೆಲೆ ಕಂಡಿತು.

ಈಗ ಸಮತಟ್ಟಿನಲ್ಲಿ 90 ಕಿಲೋಮೀಟರ್ ಆರಾಮ. ಏರಿನಲ್ಲಿ ಮಾತ್ರ ಇನ್ನೂ ಹಿಡಿಯುತ್ತಿತ್ತು, ಬಲಗಾಲಿಗೆ.

ಶೂ ಅಂಗಡಿಯಲ್ಲಿ

ಪಾದವನ್ನು ಸಂಜೆ ಅಳೆದೆ. ದಿನವಿಡೀ ನಿಂತು ಪಾಠ ಮಾಡಿ ಬಂದವರ ಪಾದ. ಹಾಳೆಯ ಮೇಲೆ ನಿಲ್ಲಿಸಿ ಗೆರೆ ಎಳೆದರೆ ಎಡ 263 ಮಿಲಿಮೀಟರ್, ಬಲ 268. ಆ ಕಂಪನಿಯ ಪಟ್ಟಿಯಲ್ಲಿ 42 ಅಂದರೆ 265 ಮಿಲಿಮೀಟರ್ ಪಾದಕ್ಕೆ. ಬೆಳಗ್ಗೆ ಎಡಪಾದ ಅಳೆದು ತರಿಸಿದ್ದರಿಂದ ಬಲಪಾದಕ್ಕೆ ಮೊದಲ ದಿನದಿಂದಲೂ ಜಾಗ ಇರಲಿಲ್ಲ. ಸವಾರಿಯ ಸೆಕೆಯಲ್ಲಿ ಪಾದ ಇನ್ನೂ ಊದುತ್ತದೆ. ಬೆರಳಿಗೆ ಮಡಚದೆ ಬೇರೆ ದಾರಿ ಇಲ್ಲ. ಅವರ ಬಲ ಹೆಬ್ಬೆರಳ ಉಗುರು ವರ್ಷದಿಂದ ಕಪ್ಪಾಗಿತ್ತು. ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಅಗಲದ ಮಾತೂ ಇದೆ. ಚಿಕ್ಕಂದಿನಿಂದ ಬರಿಗಾಲು, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಹಲವರ ಪಾದ ಮುಂದೆ ಬೀಸಣಿಗೆಯ ಹಾಗೆ ಹರಡಿರುತ್ತದೆ. ಸೈಕಲ್ ಶೂಗಳಲ್ಲಿ ಬಹಳಷ್ಟು ಮುಂದೆ ಕಿರಿದು. ಅಗಲದ ಮಾದರಿ ಇದೆ ಅಂತಲೇ ಅನೇಕರಿಗೆ ಗೊತ್ತಿಲ್ಲ.

ಸಂಜೆ ಹೊತ್ತು, ಸವಾರಿಯ ಸಾಕ್ಸ್ ಹಾಕಿಕೊಂಡು, ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು 44 ಕೊಟ್ಟರು, "ಒಂದೆರಡು ನಂಬರ್ ದೊಡ್ಡದೇ ತಗೊಳ್ಳಿ ಸರ್, ಫ್ರೀ ಆಗಿರುತ್ತೆ." ಮೇಷ್ಟ್ರಿಗೂ ಹಿಡಿಸಿತು. ಬೆರಳಿಗೆ ಧಾರಾಳ ಜಾಗ. ಬೆಲೆಯೂ ಕಮ್ಮಿ. ನಾನು ಹತ್ತು ಹೆಜ್ಜೆ ನಡೆಯಲು ಹೇಳಿದೆ. ಹಿಮ್ಮಡಿ ಶೂ ಒಳಗೆ ಎದ್ದು ಬಿದ್ದು ಮಾಡುತ್ತಿತ್ತು. "ಬೆರಳು ಏನು ಮಾಡ್ತಿದೆ ಮೇಷ್ಟ್ರೇ?" ಅಂದೆ. ನಿಂತು ಯೋಚಿಸಿದರು. "ಹಿಡ್ಕೊಂಡಿದೆ" ಅಂದರು.

ಹವಾಯಿ ಚಪ್ಪಲಿ ಹಾಕಿ ಬೇಗ ಬೇಗ ನಡೆಯುವಾಗ ನಾವು ಇದನ್ನೇ ಮಾಡುತ್ತೇವೆ. ಜಾರಿಹೋಗದ ಹಾಗೆ ಬೆರಳಿನಿಂದ ಹಿಡಿಯುತ್ತೇವೆ. ಎಂಟನೇ ವಯಸ್ಸಿನಿಂದ ರೂಢಿಯಾದದ್ದು ನಲವತ್ತೆಂಟನೇ ವಯಸ್ಸಿಗೆ ತಾನಾಗಿ ಬಿಡುವುದಿಲ್ಲ. ಕಾಲಿಗೆ ಏನಾದರೂ ಸಡಿಲ ಅನಿಸಿದ ಕೂಡಲೇ ಬೆರಳು ಹಿಡಿಯಲು ಹೊರಡುತ್ತದೆ. ಬಿಗಿಯಾದ ಶೂ ಬೆರಳನ್ನು ಮಡಚಿಸುತ್ತದೆ, ಸಡಿಲವಾದ ಶೂವೂ ಮಡಚಿಸುತ್ತದೆ. ಇದು ನನ್ನ ಅನುಭವದ ಮಾತು, ಆದರೆ ಗಟ್ಟಿಯಾಗಿ ನಂಬಿದ್ದೇನೆ.

ಕೊನೆಗೆ ತಗೊಂಡದ್ದು 43, ಅಗಲದ ಮಾದರಿ. ಉದ್ದದಲ್ಲಿ ಬೆರಳಿಗೆ ನಾಲ್ಕೈದು ಮಿಲಿಮೀಟರ್ ಜಾಗ, ಹಿಮ್ಮಡಿ ಭದ್ರ. ಅಂಗಡಿಯಲ್ಲೇ ಇಪ್ಪತ್ತು ನಿಮಿಷ ನಿಂತು ನೋಡಿದರು. ಪಾದದ ಕಮಾನಿಗೆ ಸ್ವಲ್ಪ ಆಸರೆ ಕೊಡುವ ಇನ್‌ಸೋಲ್ ಹಾಕಿದೆವು. ಕಮಾನಿಗೆ ಕೆಳಗಿನಿಂದ ಆಸರೆ ಸಿಕ್ಕರೆ ಬೆರಳು ನೆಲ ಹಿಡಿಯುವ ಕೆಲಸ ಬಿಡುತ್ತದೆ. ಬಿಗಿಯುವ ಪಟ್ಟಿಗಳಲ್ಲಿ ಬೆರಳ ಹತ್ತಿರದ್ದನ್ನು ಸಡಿಲ ಬಿಟ್ಟು, ಪಾದದ ಕೀಲಿನ ಹತ್ತಿರದ್ದನ್ನು ಮಾತ್ರ ಬಿಗಿಯಾಗಿಸಿದೆವು. 30 ಕಿಲೋಮೀಟರ್ ಆದ ಮೇಲೆ ಎಲ್ಲವನ್ನೂ ಒಂದು ಸುತ್ತು ಸಡಿಲಿಸುವುದು ಅಂತ ನಿಯಮ.

ಕೆಸರು ಒರೆಸುವ ಪಾಠ

ಏರಿನ ಗುಟ್ಟು ಇನ್ನೂ ಉಳಿದಿತ್ತು. ಒಂದು ದಿನ ಚಾಮುಂಡಿ ಬೆಟ್ಟಕ್ಕೆ ಅವರ ಹಿಂದೆಯೇ ಹೋದೆ. ಪೆಡಲ್ ಕೆಳಗೆ ಬಂದಾಗಲೆಲ್ಲ ಪಾದವನ್ನು ಹಿಂದಕ್ಕೆ ಎಳೆಯುತ್ತಿದ್ದರು. ಕೇಳಿದರೆ, ಹಿರಿಯ ಸವಾರರೊಬ್ಬರು ಹೇಳಿಕೊಟ್ಟಿದ್ದರಂತೆ: ಶೂ ಅಡಿಗೆ ಮೆತ್ತಿದ ಕೆಸರು ಒರೆಸುವ ಹಾಗೆ ತುಳಿಯಬೇಕು ಅಂತ. ಸೈಕಲ್ ಜನರಲ್ಲಿ ಬಹಳ ಹಳೆಯ ಪಾಠ ಅದು. ತೊಡೆಯ ಹಿಂಭಾಗದಿಂದ ಮಾಡಿದರೆ ತೊಂದರೆ ಇಲ್ಲ. ಮೇಷ್ಟ್ರು ಅದನ್ನು ಬೆರಳಿನಿಂದ ಮಾಡುತ್ತಿದ್ದರು. ಒಳ್ಳೆಯ ಉದ್ದೇಶದಿಂದ ಕೊಟ್ಟ ಸಲಹೆ, ಅದನ್ನು ಶ್ರದ್ಧೆಯಿಂದ ಪಾಲಿಸಿದವರು, ಹಿಡಿದುಕೊಂಡದ್ದು ಮಾತ್ರ ಪಾದ.

ಜೊತೆಗೆ ಗೇರ್. ಏರಿನಲ್ಲಿ ನಿಮಿಷಕ್ಕೆ ಐವತ್ತು ಸುತ್ತಿನ ಆಸುಪಾಸು, ಭಾರದ ಗೇರಿನಲ್ಲಿ ಅದುಮಿ ತುಳಿಯುತ್ತಿದ್ದರು. ಮುಷ್ಟಿ ಹ್ಯಾಂಡಲ್ಲನ್ನು ಹಿಂಡುತ್ತಿತ್ತು. ಮುಷ್ಟಿ ಬಿಗಿದರೆ ಕಾಲಿನ ಬೆರಳೂ ಬಿಗಿಯಬಹುದು, ಈಗಲೇ ಮಾಡಿ ನೋಡಿ. ಹಿಂದಿನ ಚಕ್ರದ ಗೇರ್ ಗೊಂಚಲು 11ರಿಂದ 28 ಹಲ್ಲಿನದ್ದಿತ್ತು, ಏರಿಗೆ ಹಗುರಾಗುವ 11ರಿಂದ 32 ಹಲ್ಲಿನದ್ದು ಹಾಕಿಸಿದರು. ಈಗ ಏರಿನಲ್ಲೂ 70 ಸುತ್ತು ಸಿಗುತ್ತದೆ.

"ಕೆಸರು ಮರೆತುಬಿಡಿ" ಅಂದೆ. ಬದಲಿಗೆ ಒಂದೇ ಪಾಠ. ಕಿಲೋಮೀಟರ್ ಕಲ್ಲು ಕಂಡಾಗಲೆಲ್ಲ ಶೂ ಒಳಗೆ ಐದೂ ಬೆರಳು ಮೇಲಕ್ಕೆತ್ತಿ ಬಿಡುವುದು. ಬೆರಳು ಎತ್ತಲು ಬಂದರೆ ಅವು ಹಿಡಿದಿಲ್ಲ ಅಂತ ಅರ್ಥ. ಎತ್ತಲು ಬರದಿದ್ದರೆ ಹಿಡಿದಿವೆ, ಗೇರ್ ಇಳಿಸಿ.

ವ್ಯಾಯಾಮವನ್ನು ಶಾಲೆಯಲ್ಲೇ ಮಾಡಿಸಿದೆ. ಬೋರ್ಡಿನ ಮೇಲೆ ಬರೆಯುವಾಗ ಹೆಬ್ಬೆರಳನ್ನು ನೆಲಕ್ಕಿಟ್ಟು ಉಳಿದ ನಾಲ್ಕನ್ನು ಎತ್ತುವುದು, ಆಮೇಲೆ ಅದರ ಉಲ್ಟಾ. ಬೆರಳು ಮಡಚದೆ ಪಾದದ ಕಮಾನನ್ನು ಮಾತ್ರ ಮೇಲಕ್ಕೆ ಸೆಳೆಯುವುದು. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವುದು. ಬಲಪಾದದ ಕೀಲು ಎಡಕ್ಕಿಂತ ಬಿಗಿಯಾಗಿತ್ತು. ಗೋಡೆಗೆ ಮಂಡಿ ತಾಗಿಸುವ ಪರೀಕ್ಷೆಯಲ್ಲಿ ಎಡಪಾದ ಗೋಡೆಯಿಂದ 9 ಸೆಂಟಿಮೀಟರ್ ದೂರ ಇದ್ದರೂ ಮಂಡಿ ತಾಗುತ್ತಿತ್ತು, ಬಲಕ್ಕೆ 6ಕ್ಕೇ ನಿಲ್ಲುತ್ತಿತ್ತು. ಎರಡು ತಿಂಗಳಲ್ಲಿ ಬಲ 8ಕ್ಕೆ ಬಂತು.

ಏನಾಯಿತು

ಮುಂದಿನ 200ರಲ್ಲಿ ಮೇಷ್ಟ್ರು 12 ಗಂಟೆ 20 ನಿಮಿಷಕ್ಕೆ ಮುಗಿಸಿದರು. 170ರ ಹತ್ತಿರ ಒಂದು ಸಲ ಬಲಪಾದ ಹಿಡಿಯಿತು. ಈ ಸಲ ಹೆದರಲಿಲ್ಲ. ಇಳಿದು, ಶೂ ಕಳಚಿ, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಒಂದು ನಿಮಿಷ ಹಿಡಿದರು. ಹಾಗೆ ಎಳೆದಾಗ "ಬಿಡು" ಅನ್ನುವ ಸಂಕೇತ ಮತ್ತೆ ಏಳುತ್ತದೆ. ತಿಕ್ಕುವುದಕ್ಕಿಂತ ಇದು ಬೇಗ. ಆಮೇಲೆ ಚೂರು ನಿಂಬೆರಸ ಉಪ್ಪು ನೆಕ್ಕಿದರಂತೆ. ಅದನ್ನು ಬೇಡ ಅನ್ನಲಾರೆ. 2010ರಲ್ಲಿ ಅಮೆರಿಕದ ಸಂಶೋಧಕರು ವಿದ್ಯುತ್ತಿನಿಂದ ಹೆಬ್ಬೆರಳ ಕೆಳಗಿನ ಸಣ್ಣ ಸ್ನಾಯುವಿಗೇ ಸೆಳೆತ ಬರಿಸಿ, ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರು ಕುಡಿಸಿ ನೋಡಿದ್ದರು. ಬರೀ ನೀರು ಕುಡಿದಾಗಿನದಕ್ಕಿಂತ ಬೇಗ ಬಿಟ್ಟಿತು. ಆ ಉಪ್ಪು ರಕ್ತ ಸೇರುವಷ್ಟು ಹೊತ್ತೇ ಆಗಿರಲಿಲ್ಲ, ಹಾಗಾಗಿ ಕೆಲಸ ಮಾಡಿದ್ದು ಬಾಯಿ ಗಂಟಲಿನಿಂದ ಹೋದ ಸಂಕೇತ ಇರಬೇಕು ಅಂತ ಅವರ ಅಂದಾಜು. ನಮ್ಮ ಎಣ್ಣೆ ಖಾರದ ಉಪ್ಪಿನಕಾಯಿ ಬೇರೆಯದ್ದು, ಅದಕ್ಕೆ ಇದನ್ನು ಅನ್ವಯಿಸಬೇಡಿ.

ಹಿಂತಿರುಗಿ ನೋಡಿದರೆ ಕೆಲಸಕ್ಕೆ ಬಂದ ತೀರ್ಮಾನಗಳು ಕೆಲವೇ. ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿದ್ದು ಅದರಲ್ಲಿ ದೊಡ್ಡದು. ಚಪ್ಪಟೆ ಪೆಡಲಿನ ಆ ಒಂದು ಬೆಳಗ್ಗೆ ಎರಡು ವರ್ಷದ ಊಹೆಗಳನ್ನು ಬದಿಗಿಟ್ಟಿತು. ನಿಮಗೂ ಹೀಗಾಗುತ್ತಿದ್ದರೆ ಹೊಸ ಶೂ ಕೊಳ್ಳುವ ಮೊದಲು ಅದನ್ನೇ ಮಾಡಿ, ಇನ್‌ಸೋಲ್ ಎಳೆದು ನೋಡಿ. ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ, ಆದರೆ ಆ ಒಂದು ಬದಲಾವಣೆ ಪಕ್ಕದ ಇನ್ನೊಂದನ್ನು ಕೆಡಿಸುತ್ತದಾ ಅಂತ ನೋಡುವುದು. ಕ್ಲೀಟ್ ಮತ್ತು ಸೀಟಿನ ವಿಷಯದಲ್ಲಿ ನಾನು ಅದನ್ನು ಮೇಷ್ಟ್ರ ಮೀನಖಂಡದ ಬೆಲೆ ಕೊಟ್ಟು ಕಲಿತೆ. ಕ್ಲೀಟ್ ಪೆಡಲ್ ಎಲ್ಲರಿಗೂ ಬೇಕೇ ಬೇಕು ಅಂತಲೂ ನನಗೆ ಈಗ ಅನಿಸುವುದಿಲ್ಲ. ಅಗಲವಾದ ಶೂ, ಚಪ್ಪಟೆ ಪೆಡಲಿನಲ್ಲಿ ನೂರಾರು ಕಿಲೋಮೀಟರ್ ಹೋಗುವವರು ಇದ್ದಾರೆ. ಮೇಷ್ಟ್ರಿಗೆ ಕ್ಲೀಟ್ ಇಷ್ಟ, ಅದಕ್ಕೆ ಉಳಿಸಿಕೊಂಡೆವು.

ಹೋದ ತಿಂಗಳು ಹೊಸ ಶೂ ಇನ್‌ಸೋಲಿನ ಫೋಟೋ ಕಳಿಸಿದರು. ಹಿಮ್ಮಡಿಯ ಗುರುತು ಗಾಢವಾಗಿತ್ತು, ಪಾದದ ಮುಂಭಾಗದ ಗುರುತು ಸಮನಾಗಿ ಹರಡಿತ್ತು. ನಾಲ್ಕು ಬೆರಳ ಜಾಗದಲ್ಲಿ ಬಟ್ಟೆ ಹೊಸದರ ಹಾಗೇ ಇತ್ತು. ಬಲ ಹೆಬ್ಬೆರಳಿನ ಹತ್ತಿರ ಮಾತ್ರ ಒಂದು ತೆಳು ಗುಳಿ. ಕೆಳಗೆ ಬರೆದಿದ್ದರು: "ಇದೊಂದು ಇನ್ನೂ ಹಠ ಮಾಡ್ತಿದೆ ಮೇಡಂ. ಮುಂದಿನ ಭಾನುವಾರ 300ಕ್ಕೆ ತಯಾರಿ, ಬೆಳಗ್ಗೆ ನಾಲ್ಕಕ್ಕೆ ಹೊರಡ್ತೀವಿ, ನೀವೂ ಬನ್ನಿ."